ಕ್ಯಾಮ್‌ಕಾರ್ಡರ್ ಖರೀದಿ: ಬೆಲೆಪಟ್ಟಿಗಿಂತ ಮೊದಲು ನೋಡತಕ್ಕ ಲೆಕ್ಕ

ಹಿಂದೆ 13 ಮತ್ತು 63 ಎಂಬ ಸಂಖ್ಯೆಗಳಿಂದ, ಈಗ 50 ಮತ್ತು 67 ಎಂಬ ಸಂಖ್ಯೆಗಳಿಂದ ಗುರುತಿಸಲ್ಪಡುವ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಹಿಟ್ನಾಳವು ಕೊಪ್ಪಳ ಜಿಲ್ಲೆಯ ವ್ಯಾಪಾರಸ್ಥರಿಗೆ ಹೊಸದಾಗಿ ಪರಿಚಯಿಸಬೇಕಾದ ಊರಲ್ಲ. ಒಂದು ಮಗ್ಗುಲಿಗೆ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆ ಮತ್ತು ಗಿಣಿಗೇರಾದ ಉಕ್ಕಿನ ಕಾರ್ಖಾನೆ, ಇನ್ನೊಂದು ಮಗ್ಗುಲಿಗೆ ಹುಲಗಿಯ ಹುಲಿಗೆಮ್ಮ ದೇವಿಯ ಸನ್ನಿಧಿ ಮತ್ತು ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟು. ಹುಣ್ಣಿಮೆಯ ಜನಸಂದಣಿ, ಜಾತ್ರೆ, ಸಾಮೂಹಿಕ ವಿವಾಹ, ಲಗ್ನದ ಹಂಗಾಮು, ಕಾರ್ಖಾನೆಗಳ ಸಮಾರಂಭ ಇವುಗಳಿಂದಾಗಿ ಈ ಪರಿಸರದಲ್ಲಿ ವಿಡಿಯೊ ಚಿತ್ರೀಕರಣವು ಕೇವಲ ಹವ್ಯಾಸವಾಗಿ ಉಳಿಯದೆ ಹೊಟ್ಟೆ ಹೊರೆಯುವ ಉದ್ಯೋಗವಾಗಿ ಬೆಳೆದಿದೆ.

ಈ ಉದ್ಯೋಗದ ಮೂಲ ಬಂಡವಾಳ ಕ್ಯಾಮ್‌ಕಾರ್ಡರ್. ಅಂಗಡಿಯ ಬಾಡಿಗೆ, ಗಣಕಯಂತ್ರ, ದೀಪಗಳು ಇವೆಲ್ಲವೂ ಅದರ ನಂತರದವು. ಆದರೂ ಅದನ್ನು ಕೊಳ್ಳುವಾಗ ಅನೇಕರು ಅನುಸರಿಸುವ ಕ್ರಮವು ಆಶ್ಚರ್ಯ ಹುಟ್ಟಿಸುವಂಥದು. ಪಕ್ಕದ ಊರಿನ ಸ್ಟುಡಿಯೊದವರು ಯಾವುದನ್ನು ಕೊಂಡಿದ್ದಾರೆ ಎಂದು ವಿಚಾರಿಸುವುದು, ಹುಬ್ಬಳ್ಳಿ ಅಥವಾ ಬೆಂಗಳೂರಿನಲ್ಲಿ ಐದು ಸಾವಿರ ರೂಪಾಯಿ ಕಡಿಮೆ ಮಾಡುವ ಅಂಗಡಿಯನ್ನು ಹುಡುಕುವುದು, ಸಾಲ ಮಾಡಿ ಕೊಂಡು ತರುವುದು. ಆ ಯಂತ್ರ ಮಂಟಪದ ಬೆಳಕಿನಲ್ಲಿ ಏನನ್ನು ಕಾಣಬಲ್ಲದು, ಎಷ್ಟು ಹೊತ್ತು ನಿಲ್ಲದೆ ಓಡಬಲ್ಲದು ಎಂಬ ಪ್ರಶ್ನೆಗಳು ಮೊದಲ ಲಗ್ನದ ದಿನವೇ ಏಳುತ್ತವೆ. ಅಷ್ಟರಲ್ಲಿ ರೊಕ್ಕ ಕೈಬಿಟ್ಟಿರುತ್ತದೆ. ಅಕ್ಕಿಕಾಳು ಬೀಳುವ ಗಳಿಗೆ ಒಂದೇ ಸಲ ಬರುವಂಥದು. ಸಿನಿಮಾದವರಂತೆ ಮತ್ತೊಮ್ಮೆ ತಾಳಿ ಕಟ್ಟಿಸಲು ಬರುವುದಿಲ್ಲ. ಹಣ ಪಡೆದು ಮಾಡುವ ಈ ಕೆಲಸವು ಗ್ರಾಹಕರ ಸಂರಕ್ಷಣಾ ಕಾಯ್ದೆಯ ಅರ್ಥದಲ್ಲಿ ಸೇವೆಯೇ ಆಗಿರುವುದರಿಂದ, ಚಿತ್ರ ಹಾಳಾದರೆ ಗ್ರಾಹಕನು ಪರಿಹಾರ ಕೇಳಿ ಜಿಲ್ಲಾ ಆಯೋಗದ ಮೆಟ್ಟಿಲು ಹತ್ತಬಹುದು. ಆದುದರಿಂದ ಯಂತ್ರದ ಒಳಗುಟ್ಟನ್ನು ಸ್ವಲ್ಪಮಟ್ಟಿಗಾದರೂ ತಿಳಿದುಕೊಂಡು ಕೊಳ್ಳುವುದು ಲಾಭದಾಯಕ.

ಬೆಳಕು ಕಡತವಾಗುವ ಬಗೆ

ಕ್ಯಾಮೆರಾ ಮತ್ತು ರೆಕಾರ್ಡರ್ ಎಂಬ ಎರಡು ಬೇರೆ ಬೇರೆ ಯಂತ್ರಗಳು ಒಂದೇ ಪೆಟ್ಟಿಗೆಯಲ್ಲಿ ಸೇರಿದ್ದರಿಂದ ಕ್ಯಾಮ್‌ಕಾರ್ಡರ್ ಎಂಬ ಹೆಸರು ಬಂದಿತು. ಅದಕ್ಕೂ ಮೊದಲು ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು, ರೆಕಾರ್ಡರನ್ನು ಹೆಗಲಿಗೆ ತೂಗುಹಾಕಿಕೊಂಡು, ನಡುವೆ ತಂತಿ ಎಳೆದುಕೊಂಡು ತಿರುಗಬೇಕಿತ್ತು. 1983ರಲ್ಲಿ ಸೋನಿ ಸಂಸ್ಥೆಯು ಬೀಟಾಮೂವಿ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದು ಚಿತ್ರೀಕರಿಸುತ್ತಿತ್ತೇ ಹೊರತು ಚಿತ್ರೀಕರಿಸಿದ್ದನ್ನು ತಾನೇ ತೋರಿಸಲಾರದಾಗಿತ್ತು. ಮರುವರ್ಷ ಜೆ.ವಿ.ಸಿ. ಸಂಸ್ಥೆಯ ಯಂತ್ರವು ಆ ಕೊರತೆಯನ್ನು ನೀಗಿಸಿತು. 1985ರಲ್ಲಿ ಎಂಟು ಮಿಲಿಮೀಟರ್ ಟೇಪು, 1995ರಲ್ಲಿ ಡಿಜಿಟಲ್ ಟೇಪು, 2006ರಲ್ಲಿ ಸೋನಿ ಮತ್ತು ಪ್ಯಾನಸೋನಿಕ್ ಕೂಡಿ ರೂಪಿಸಿದ ಎ.ವಿ.ಸಿ.ಎಚ್.ಡಿ. ವಿಧಾನ ಬಂದವು. ಟೇಪಿನ ಕಾಲ ಅಲ್ಲಿಗೆ ಮುಗಿಯುತ್ತ ಬಂದಿತು. ವಿ.ಎಚ್.ಎಸ್. ಕ್ಯಾಸೆಟ್ ನೋಡುವ ಯಂತ್ರಗಳನ್ನು ತಯಾರಿಸುತ್ತಿದ್ದ ಕೊನೆಯ ಸಂಸ್ಥೆಯಾದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಎಷ್ಟೋ ಮನೆಗಳ ಗಡಂಚಿಯ ಮೇಲೆ ಕುಳಿತಿರುವ ಲಗ್ನದ ಕ್ಯಾಸೆಟ್ಟುಗಳನ್ನು ಡಿಜಿಟಲ್ ರೂಪಕ್ಕೆ ಇಳಿಸಿಕೊಡುವ ಕೆಲಸ, ಓಡುವ ಹಳೆಯ ಪ್ಲೇಯರ್ ಇಟ್ಟುಕೊಂಡಿರುವ ಸ್ಟುಡಿಯೊಗಳಿಗೆ ಇಂದಿಗೂ ಒಂದು ಆದಾಯದ ದಾರಿ. ಬೂಷ್ಟು ಹಿಡಿಯುವ ಮೊದಲು ಆಗಬೇಕು, ಅಷ್ಟೆ.

ಯಂತ್ರದ ರೂಪ ಬದಲಾದರೂ ಮೂಲತತ್ವವು ಹಾಗೆಯೇ ಇದೆ. ಲೆನ್ಸ್ ಬೆಳಕನ್ನು ಕೂಡಿಸಿ ಸೆನ್ಸರ್ ಎಂಬ ಉಗುರಿನಗಲದ ಸಿಲಿಕಾನ್ ಬಿಲ್ಲೆಯ ಮೇಲೆ ಬೀಳಿಸುತ್ತದೆ. ಆ ಬಿಲ್ಲೆಯ ಮೇಲೆ ಲಕ್ಷಗಟ್ಟಲೆ ಸೂಕ್ಷ್ಮ ಕೋಶಗಳಿರುತ್ತವೆ. ಮಳೆ ಬರುವಾಗ ಅಂಗಳದಲ್ಲಿ ಸಾಲಾಗಿ ಇಟ್ಟ ಬಟ್ಟಲುಗಳಂತೆ, ಪ್ರತಿಯೊಂದು ಕೋಶವೂ ತನ್ನ ಮೇಲೆ ಬಿದ್ದಷ್ಟು ಬೆಳಕಿಗೆ ತಕ್ಕಷ್ಟು ವಿದ್ಯುದಂಶವನ್ನು ತುಂಬಿಕೊಳ್ಳುತ್ತದೆ. ಅದನ್ನು ಅಳೆದು ಅಂಕಿಯಾಗಿ ಬರೆದರೆ ಚಿತ್ರದ ಒಂದು ಚುಕ್ಕೆ ಸಿದ್ಧ. ಈ ಬಗೆಯ ಮೊದಲ ಸೆನ್ಸರ್ ಆದ ಸಿ.ಸಿ.ಡಿ.ಯನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಕಂಡುಹಿಡಿದರು. ನಲವತ್ತು ವರ್ಷಗಳ ನಂತರ, 2009ರಲ್ಲಿ, ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಇಂದಿನ ಯಂತ್ರಗಳಲ್ಲಿ ಬಹುಮಟ್ಟಿಗೆ ಸಿ.ಎಂ.ಒ.ಎಸ್. ಎಂಬ ಇನ್ನೊಂದು ಬಗೆಯ ಸೆನ್ಸರ್ ಇರುತ್ತದೆ.

ಕೋಶಕ್ಕೆ ಬಣ್ಣ ತಿಳಿಯದು, ಬೆಳಕಿನ ಪ್ರಮಾಣ ಮಾತ್ರ ತಿಳಿಯುತ್ತದೆ. ಆದುದರಿಂದ ಕೋಶಗಳ ಮೇಲೆ ಕೆಂಪು, ಹಸಿರು, ನೀಲಿ ಬಣ್ಣದ ಸೋಸುಗಗಳನ್ನು ಹೊದಿಸಿರುತ್ತಾರೆ. ಅವುಗಳಲ್ಲಿ ಅರ್ಧ ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಮನುಷ್ಯನ ಕಣ್ಣು ಹಸಿರಿನ ಸೂಕ್ಷ್ಮ ವ್ಯತ್ಯಾಸವನ್ನು ಹೆಚ್ಚಾಗಿ ಗುರುತಿಸುವುದರಿಂದ ಈ ಹಂಚಿಕೆ. ಹೀಗೆ ಸೆಕೆಂಡಿಗೆ 25 ಚಿತ್ರಗಳನ್ನು ತೆಗೆದು ಒಂದರ ಹಿಂದೊಂದು ತೋರಿಸಿದಾಗ ಕಣ್ಣಿಗೆ ಚಲನೆಯ ಭ್ರಮೆಯಾಗುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಬಹುದು. ಫುಲ್ ಎಚ್.ಡಿ. ಎಂದರೆ 1920 ಅಡ್ಡ, 1080 ಉದ್ದ, ಅಂದರೆ ಒಂದು ಚಿತ್ರದಲ್ಲಿ 20,73,600 ಚುಕ್ಕೆಗಳು. ಚುಕ್ಕೆಗೆ ಮೂರು ಬೈಟ್‌ನಂತೆ ಸೆಕೆಂಡಿಗೆ 25 ಚಿತ್ರಗಳನ್ನು ಹಾಗೆಯೇ ಬರೆದಿಟ್ಟರೆ ಪ್ರತಿ ಸೆಕೆಂಡಿಗೆ ಸುಮಾರು 155 ಮೆಗಾಬೈಟ್, ಗಂಟೆಗೆ 560 ಗಿಗಾಬೈಟ್ ಬೇಕಾಗುತ್ತದೆ. ಒಂದು ಲಗ್ನಕ್ಕೆ ಗೋಣಿಚೀಲದಷ್ಟು ಕಾರ್ಡುಗಳು ಬೇಕಾದಾವು. ಆದುದರಿಂದ ಯಂತ್ರದೊಳಗಿನ ಸಂಸ್ಕಾರಕವು ಪ್ರತಿ ಚಿತ್ರವನ್ನೂ ಪೂರ್ತಿಯಾಗಿ ಬರೆಯುವುದಿಲ್ಲ. ಒಂದು ಚಿತ್ರವನ್ನು ಪೂರ್ತಿ ಬರೆದು, ಮುಂದಿನವುಗಳಲ್ಲಿ ಬದಲಾದ ಭಾಗವನ್ನಷ್ಟೇ ಬರೆಯುತ್ತದೆ. ಕಿರ್ದಿಯಲ್ಲಿ ಆರಂಭದ ಶಿಲ್ಕನ್ನು ಬರೆದು ನಂತರದ ಜಮಾ-ಖರ್ಚನ್ನಷ್ಟೇ ದಾಖಲಿಸುವ ಪದ್ಧತಿಯಂತೆಯೇ ಇದು. ಈ ಸಂಕುಚನದಿಂದ ಅದೇ ಚಿತ್ರವು ಸೆಕೆಂಡಿಗೆ 24 ಮೆಗಾಬಿಟ್, ಅಂದರೆ 3 ಮೆಗಾಬೈಟ್‌ಗೆ ಇಳಿಯುತ್ತದೆ. ಐವತ್ತರಲ್ಲಿ ಒಂದು ಪಾಲು!

ಈ ಉಳಿತಾಯಕ್ಕೂ ಒಂದು ಬೆಲೆಯಿದೆ. ಸ್ವಾಮಿಗಳು ಆಶೀರ್ವಚನ ನೀಡುವಾಗ ಹಿನ್ನೆಲೆ ಬದಲಾಗುವುದಿಲ್ಲ, ಸಂಸ್ಕಾರಕಕ್ಕೆ ಕೆಲಸ ಕಡಿಮೆ. ಆದರೆ ಅಕ್ಕಿಕಾಳು ಬೀಳುವಾಗ, ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ತೇರಿನ ಮೇಲೆ ಉತ್ತತ್ತಿಗಳು ತೂರಿಬರುವಾಗ, ಚಿತ್ರದ ಪ್ರತಿಯೊಂದು ಚುಕ್ಕೆಯೂ ಬದಲಾಗುತ್ತದೆ. ಬಿಟ್‌ದರ ಕಡಿಮೆಯಿರುವ ಯಂತ್ರದಲ್ಲಿ ಆ ಕ್ಷಣದಲ್ಲಿಯೇ ಚಿತ್ರವು ಒಡೆದು ಚೌಕಚೌಕವಾಗಿ ಕಾಣುತ್ತದೆ. ಯಾವ ಕ್ಷಣಕ್ಕಾಗಿ ಗ್ರಾಹಕನು ಹಣ ಕೊಟ್ಟನೋ ಅದೇ ಕ್ಷಣದಲ್ಲಿ! ಬೆಲೆಪಟ್ಟಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುವ ಮೆಗಾಪಿಕ್ಸೆಲ್‌ಗಿಂತ, ಕೈಪಿಡಿಯ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿರುವ ಈ ಬಿಟ್‌ದರವು ಹೆಚ್ಚು ಮಹತ್ವದ್ದು.

ಮಂಟಪದ ಬೆಳಕು

ಕ್ಯಾಮ್‌ಕಾರ್ಡರಿನ ನಿಜವಾದ ಪರೀಕ್ಷೆ ಹಗಲಿನ ಅಂಗಳದಲ್ಲಿ ಅಲ್ಲ, ಸಂಜೆಯ ಕಲ್ಯಾಣ ಮಂಟಪದಲ್ಲಿ. ಕಡಿಮೆ ಬೆಳಕಿನಲ್ಲಿ ಬಟ್ಟಲು ಬೇಗ ತುಂಬುವುದಿಲ್ಲ. ಆಗ ಯಂತ್ರವು ಇದ್ದಷ್ಟು ಸಂಕೇತವನ್ನೇ ವಿದ್ಯುತ್ತಿನಿಂದ ಹಿಗ್ಗಿಸುತ್ತದೆ. ಅದರೊಂದಿಗೆ ಕಸವೂ ಹಿಗ್ಗಿ ಚಿತ್ರದಲ್ಲಿ ಮರಳಿನಂತಹ ಕಾಳುಗಳು ಏಳುತ್ತವೆ. ಇದಕ್ಕೆ ಪರಿಹಾರ ಎರಡೇ. ಒಂದು ದೊಡ್ಡ ಸೆನ್ಸರ್, ಇನ್ನೊಂದು ಅಗಲ ಬಾಯಿಯ ಲೆನ್ಸ್.

ಸೆನ್ಸರಿನ ಅಳತೆಯನ್ನು ಹೇಳುವ ರೂಢಿ ಗೊಂದಲಮಯವಾದದ್ದು. 1/2.3 ಇಂಚು ಎಂದು ಬರೆದ ಸೆನ್ಸರಿನ ವಿಸ್ತೀರ್ಣ ಸುಮಾರು 28 ಚದರ ಮಿಲಿಮೀಟರ್. ಒಂದು ಇಂಚು ಎಂದು ಕರೆಯುವ ಸೆನ್ಸರ್ ವಾಸ್ತವದಲ್ಲಿ 13.2 ಮತ್ತು 8.8 ಮಿಲಿಮೀಟರ್ ಅಳತೆಯದು, ವಿಸ್ತೀರ್ಣ ಸುಮಾರು 116 ಚದರ ಮಿಲಿಮೀಟರ್. ಅಂದರೆ ನಾಲ್ಕು ಪಟ್ಟು ಅಂಗಳ, ನಾಲ್ಕು ಪಟ್ಟು ಮಳೆನೀರು. ಪುಟ್ಟ ಸೆನ್ಸರಿನ ಮೇಲೆ ಹೆಚ್ಚು ಮೆಗಾಪಿಕ್ಸೆಲ್ ತುರುಕಿದರೆ ಬಟ್ಟಲುಗಳ ಸಂಖ್ಯೆ ಹೆಚ್ಚುತ್ತದೆ, ಒಂದೊಂದರ ಬಾಯಿಯೂ ಕಿರಿದಾಗುತ್ತದೆ. ವಿಡಿಯೊಗೆ ಇದರಿಂದ ಸಿಗುವ ಲಾಭ ಅತ್ಯಲ್ಪ.

ಲೆನ್ಸಿನ ಬಾಯಿಯ ಅಳತೆಯನ್ನು ಎಫ್ ಸಂಖ್ಯೆಯಿಂದ ಸೂಚಿಸುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹೆಚ್ಚು. ಎಫ್ 1.8ರ ಲೆನ್ಸ್, ಎಫ್ 3.5ರ ಲೆನ್ಸಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಎಫ್ 2.8-4.5 ಎಂದು ಎರಡು ಸಂಖ್ಯೆಗಳಿದ್ದರೆ ಎಚ್ಚರ ವಹಿಸತಕ್ಕದ್ದು. ಮೊದಲನೆಯದು ಜೂಮ್ ಮಾಡದಿದ್ದಾಗ, ಎರಡನೆಯದು ಪೂರ್ಣ ಜೂಮ್ ಮಾಡಿದಾಗ. ದೂರದಿಂದ ವಧುವಿನ ಮುಖವನ್ನು ಹತ್ತಿರ ಎಳೆದೊಡನೆ ಬೆಳಕು ಎರಡೂವರೆ ಪಟ್ಟು ಕಡಿಮೆಯಾಗುತ್ತದೆ. ಈ ಭಾಗದ ಲಗ್ನಗಳಲ್ಲಿ ಬೀಗರು, ನೆಂಟರು, ಮೊಬೈಲು ಹಿಡಿದ ಗೆಳೆಯರು ಎಲ್ಲರೂ ವೇದಿಕೆಯ ಮೇಲೆಯೇ ನಿಲ್ಲುವುದರಿಂದ, ಹಣ ಪಡೆದ ವಿಡಿಯೊಗ್ರಾಫರನು ಮೂವತ್ತು ಅಡಿ ಹಿಂದಕ್ಕೆ ಸರಿಯುವುದು ಸಾಮಾನ್ಯ. ಹೀಗಾಗಿ ಜೂಮ್ ಅನಿವಾರ್ಯ. ಅದು ಆಪ್ಟಿಕಲ್ ಜೂಮ್ ಆಗಿರಬೇಕು. ಡಿಜಿಟಲ್ ಜೂಮ್ ಎಂಬುದು ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವ ಕ್ರಮ. ಪೆಟ್ಟಿಗೆಯ ಮೇಲೆ 300 ಪಟ್ಟು ಎಂದು ಬರೆದಿದ್ದರೂ ಅದಕ್ಕೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಾಗಿಲ್ಲ.

ಇನ್ನೊಂದು ತೊಂದರೆ ಮಿನುಗುವ ದೀಪಗಳದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಯದಾದ್ದರಿಂದ ಟ್ಯೂಬ್‌ಲೈಟಿನಂಥ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಷಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟರೆ ಇದು ಕಾಣುವುದಿಲ್ಲ. ಆದರೆ ಅಮೆರಿಕದಿಂದ ಬಂಧುಗಳು ತಂದುಕೊಟ್ಟ ಕ್ಯಾಮೆರಾ 60 ಆವರ್ತನೆಗೆ ಹೊಂದಿಸಿದ್ದಾಗಿದ್ದು, ಅದನ್ನು 50ಕ್ಕೆ ಬದಲಿಸುವ ಸೌಲಭ್ಯ ಇಲ್ಲದಿದ್ದರೆ ಇಡೀ ಮಂಟಪವೇ ಅಲೆಯಾಡುತ್ತದೆ. ಅಗ್ಗದಲ್ಲಿ ಸಿಕ್ಕಿತೆಂದು ಹಿಗ್ಗುವ ಮೊದಲು ಆಯ್ಕೆಪಟ್ಟಿಯನ್ನು ತೆರೆದು ನೋಡುವುದು ಒಳಿತು. ಸಿ.ಎಂ.ಒ.ಎಸ್. ಸೆನ್ಸರ್ ಸಾಮಾನ್ಯವಾಗಿ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುವುದರಿಂದ, ಪಕ್ಕದ ಫೋಟೊಗ್ರಾಫರನ ಫ್ಲ್ಯಾಶ್ ಹೊಳೆದಾಗ ಅರ್ಧ ಚಿತ್ರ ಬೆಳ್ಳಗೆ, ಅರ್ಧ ಕಪ್ಪಗೆ ಬರುವುದೂ ಉಂಟು. ಇದಕ್ಕೆ ಯಂತ್ರ ಬದಲಿಸುವುದಕ್ಕಿಂತ ಫೋಟೊಗ್ರಾಫರನ ಜೊತೆ ಹೊಂದಿಕೊಂಡು, ವಿಡಿಯೊ ದೀಪವನ್ನು ಸರಿಯಾಗಿ ಇಡುವುದೇ ಅಗ್ಗದ ದಾರಿ.

ಹುಲಗಿಯ ಜಾತ್ರೆಯ ನಡುಮಧ್ಯಾಹ್ನಕ್ಕೆ ಸಮಸ್ಯೆ ತಿರುಗುಮುರುಗಾಗುತ್ತದೆ. ಅಲ್ಲಿ ಬೆಳಕು ಅತಿಯಾಗುತ್ತದೆ. ಕಣ್ಣಿಗೆ ತಂಪು ಕನ್ನಡಕವಿದ್ದಂತೆ ಲೆನ್ಸಿಗೆ ಎನ್.ಡಿ. ಫಿಲ್ಟರ್ ಇದೆ. ವೃತ್ತಿಪರ ಕ್ಯಾಮ್‌ಕಾರ್ಡರುಗಳಲ್ಲಿ ಇದು ಒಳಗೇ ಇರುತ್ತದೆ, ಒಂದು ಗುಂಡಿ ತಿರುಗಿಸಿದರೆ ಸಾಕು.

ಧ್ವನಿಯನ್ನು ಕಡೆಗಣಿಸಬಾರದು

ಚಿತ್ರ ಸ್ವಲ್ಪ ಮಬ್ಬಾಗಿದ್ದರೆ ನೋಡುವವರು ಸಹಿಸುತ್ತಾರೆ. ಮಂತ್ರ ಕೇಳಿಸದೆ ಕೇವಲ ಬ್ಯಾಂಡ್ ಸೆಟ್ಟಿನ ಗದ್ದಲ ಕೇಳಿಸಿದರೆ ಯಾರೂ ಸಹಿಸುವುದಿಲ್ಲ. ಆದರೂ ಕೊಳ್ಳುವಾಗ ಧ್ವನಿಯ ಬಗ್ಗೆ ಪ್ರಶ್ನೆ ಕೇಳುವವರು ವಿರಳ. ಕಡಿಮೆ ಬೆಲೆಯ ಯಂತ್ರಗಳು ಧ್ವನಿಯ ಮಟ್ಟವನ್ನು ತಾವೇ ಏರಿಳಿಸಿಕೊಳ್ಳುತ್ತವೆ. ಹಲಗೆ, ಡೊಳ್ಳು ಬಾರಿಸಿದಾಗ ತಗ್ಗಿಸಿ, ನಿಂತೊಡನೆ ಏರಿಸುತ್ತವೆ. ಆ ಏರಿಕೆಯಲ್ಲಿ ಫ್ಯಾನಿನ ಸದ್ದು, ಹಿಂದೆ ಕುಳಿತವರ ಪಿಸುಮಾತು ಎಲ್ಲವೂ ಸ್ಪಷ್ಟವಾಗಿ ದಾಖಲಾಗುತ್ತವೆ. ಬೀಗರ ಬಗೆಗಿನ ಮಾತುಗಳು ಹೀಗೆ ದಾಖಲಾಗಿ ಮುಂದೆ ಮನಸ್ತಾಪಕ್ಕೆ ಕಾರಣವಾಗಬಹುದೆಂಬುದು ಬೇರೆ ವಿಷಯ.

ಆದುದರಿಂದ ಧ್ವನಿಯ ಮಟ್ಟವನ್ನು ಕೈಯಿಂದ ಹೊಂದಿಸುವ ಗುಂಡಿ, ಹೊರಗಿನ ಮೈಕಿನ ಎರಡು ಪ್ರತ್ಯೇಕ ಪ್ರವೇಶಗಳು, ಹೆಡ್‌ಫೋನ್ ಜೋಡಿಸುವ ರಂಧ್ರ ಇವು ಮೂರೂ ಇರಲೇಬೇಕು. ಎಕ್ಸ್.ಎಲ್.ಆರ್. ಎಂಬ ಮೂರು ಕಡ್ಡಿಗಳ ಜೋಡಣೆಯಿದ್ದರೆ ಉದ್ದನೆಯ ತಂತಿ ಎಳೆದರೂ ಗುಂಯ್‌ಗುಡುವ ಸದ್ದು ಸೇರುವುದಿಲ್ಲ. ಒಂದು ಪ್ರವೇಶಕ್ಕೆ ಮಂಟಪದ ಧ್ವನಿವರ್ಧಕದ ಮಿಕ್ಸರಿನಿಂದ ತಂತಿ, ಇನ್ನೊಂದಕ್ಕೆ ಕ್ಯಾಮೆರಾದ ಮೇಲಿನ ಮೈಕ್. ಒಂದು ಕೆಟ್ಟರೂ ಮತ್ತೊಂದು ಉಳಿಯುತ್ತದೆ. ಮಿಕ್ಸರಿನಿಂದ ಬರುವ ಸಂಕೇತವು ಮೈಕಿಗಿಂತ ಬಹಳ ಪ್ರಬಲವಾಗಿರುವುದರಿಂದ ಯಂತ್ರದಲ್ಲಿ ಮೈಕ್, ಲೈನ್ ಎಂಬ ಆಯ್ಕೆಯಿದೆಯೋ ಇಲ್ಲವೋ ನೋಡತಕ್ಕದ್ದು. ಇಲ್ಲವಾದರೆ ಧ್ವನಿ ಒಡೆಯುತ್ತದೆ, ಒಡೆದ ಧ್ವನಿಯನ್ನು ಯಾವ ಸಂಕಲನವೂ ಸರಿಪಡಿಸದು.

ಇಪ್ಪತ್ತೊಂಬತ್ತು ನಿಮಿಷದ ಕಥೆ

ಈಚಿನ ವರ್ಷಗಳಲ್ಲಿ ಸ್ಟುಡಿಯೊಗಳು ಕ್ಯಾಮ್‌ಕಾರ್ಡರಿನ ಬದಲು ಲೆನ್ಸ್ ಬದಲಿಸಬಹುದಾದ ಸ್ಥಿರಚಿತ್ರ ಕ್ಯಾಮೆರಾಗಳಿಂದಲೇ ವಿಡಿಯೊ ತೆಗೆಯತೊಡಗಿವೆ. ದೊಡ್ಡ ಸೆನ್ಸರಿನಿಂದಾಗಿ ಹಿನ್ನೆಲೆ ಮಸುಕಾಗಿ, ಮುಖ ಎದ್ದು ಕಾಣುವ ಸಿನಿಮಾ ಮಾದರಿಯ ಚಿತ್ರವು ಯುವಜನರಿಗೆ ಮೆಚ್ಚುಗೆಯಾಗಿರುವುದೂ ನಿಜ. ಆದರೆ ಇಂತಹ ಹಲವು ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ಸರಿಯಾಗಿ ತಾವಾಗಿಯೇ ನಿಂತುಬಿಡುತ್ತಿದ್ದವು. ಇದಕ್ಕೆ ಮುಖ್ಯ ಕಾರಣ ಯಂತ್ರದಲ್ಲಿ ಇರಲಿಲ್ಲ, ತೆರಿಗೆಯಲ್ಲಿತ್ತು. ಯುರೋಪಿಯನ್ ಒಕ್ಕೂಟದ ಸುಂಕ ನಿಯಮದಂತೆ 800x600 ಅಥವಾ ಹೆಚ್ಚಿನ ಸ್ಪಷ್ಟತೆಯಲ್ಲಿ, ಸೆಕೆಂಡಿಗೆ 23 ಚಿತ್ರಗಳಿಗೆ ಕಡಿಮೆಯಿಲ್ಲದಂತೆ, ಒಂದೇ ಸಲಕ್ಕೆ 30 ನಿಮಿಷ ಚಿತ್ರೀಕರಿಸಬಲ್ಲ ಕ್ಯಾಮೆರಾವನ್ನು ವಿಡಿಯೊ ಕ್ಯಾಮೆರಾ ಎಂದು ವರ್ಗೀಕರಿಸಿ ಹೆಚ್ಚಿನ ಸುಂಕ ವಿಧಿಸಲಾಗುತ್ತಿತ್ತು. ತಯಾರಕರು ಒಂದು ಸೆಕೆಂಡು ಕಡಿಮೆ ಮಾಡಿ ಸುಂಕವನ್ನು ತಪ್ಪಿಸಿಕೊಂಡರು!

ಭಾರತದಲ್ಲಿಯೂ ಸ್ಥಿರಚಿತ್ರ ಕ್ಯಾಮೆರಾಗಳ ಸುಂಕ ವಿನಾಯಿತಿಗೆ 2012ರಲ್ಲಿ ಇದೇ ಬಗೆಯ 30 ನಿಮಿಷದ ಷರತ್ತು ಸೇರಿತು. ಆ ವರ್ಷದ ಮಾರ್ಚ್‌ನಲ್ಲಿ ದೆಹಲಿಗೆ ಆಮದಾದ ಕ್ಯಾಮೆರಾಗಳಿಗೆ ವಿನಾಯಿತಿ ಸಲ್ಲುತ್ತದೆಯೇ ಎಂಬ ವಿವಾದವು ಕ್ಯಾನನ್ ಇಂಡಿಯಾ ಪ್ರಕರಣವಾಗಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಮಾರ್ಚ್ 9ರಂದು ನ್ಯಾಯಾಲಯವು, ಒಮ್ಮೆ ಸುಂಕದ ಅಧಿಕಾರಿಗಳು ಬಿಡುಗಡೆ ಮಾಡಿದ ಸರಕಿಗೆ ಕಂದಾಯ ಗುಪ್ತಚರ ನಿರ್ದೇಶನಾಲಯದವರು ನೋಟಿಸು ನೀಡುವ ಅಧಿಕಾರ ಹೊಂದಿಲ್ಲವೆಂದು ತೀರ್ಪಿತ್ತಿತು. 2024ರ ನವೆಂಬರ್ 7ರಂದು ಪುನರ್ವಿಮರ್ಶೆಯಲ್ಲಿ ಆ ಅಧಿಕಾರ ಉಂಟೆಂದು ತಿರುಗಿ ನಿರ್ಣಯವಾಯಿತು. ಆಮದುದಾರರೆಲ್ಲರನ್ನೂ ತಟ್ಟಿದ ಈ ಮಹತ್ವದ ಕಾನೂನು ಪ್ರಶ್ನೆಯ ಬೇರಿನಲ್ಲಿ ಇದ್ದದ್ದು ಕ್ಯಾಮೆರಾ ಎಷ್ಟು ನಿಮಿಷ ಓಡಬಲ್ಲದು ಎಂಬ ಪುಟ್ಟ ವಿಷಯ.

ಹೊಸ ಮಾದರಿಗಳಲ್ಲಿ ಅನೇಕವು ಈ ಮಿತಿಯನ್ನು ಕೈಬಿಟ್ಟಿವೆ. ಆದರೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ತಿರುಗುತ್ತಿರುವ ಹಳೆಯ ಕ್ಯಾಮೆರಾಗಳಲ್ಲಿ ಅದು ಉಳಿದೇ ಇರುತ್ತದೆ. ಮಿತಿ ಇಲ್ಲದಿದ್ದರೂ ಶಾಖದ ಪ್ರಶ್ನೆಯಿದೆ. 40 ಡಿಗ್ರಿ ಮುಟ್ಟುವ ಮೇ ತಿಂಗಳ ಲಗ್ನದಲ್ಲಿ, ಶಾಮಿಯಾನದ ಕೆಳಗೆ, ತೆಳ್ಳಗಿನ ಮೈಯ ಕ್ಯಾಮೆರಾ 4ಕೆ ಚಿತ್ರೀಕರಣ ಮಾಡುತ್ತ ಕಾದು ನಿಂತುಬಿಡುವುದುಂಟು. ಶಾಖ ಹೊರಹಾಕುವ ವ್ಯವಸ್ಥೆಯುಳ್ಳ ಕ್ಯಾಮ್‌ಕಾರ್ಡರು ಇಡೀ ದಿನದ ದುಡಿಮೆಗೆಂದೇ ರೂಪಿತವಾದದ್ದು. ಇನ್ನು ಧೂಳು. ತೇರಿನ ಹಿಂದೆ ಏಳುವ ಧೂಳಿನಲ್ಲಿ ಲೆನ್ಸ್ ಬದಲಿಸುವುದೆಂದರೆ ಸೆನ್ಸರನ್ನು ಬಯಲಿಗಿಟ್ಟಂತೆ. ಲೆನ್ಸ್ ಮೈಗೇ ಕೂಡಿರುವ ಕ್ಯಾಮ್‌ಕಾರ್ಡರಿಗೆ ಆ ಭಯ ಕಡಿಮೆ. ದೀರ್ಘಕಾಲದ ಅಖಂಡ ಚಿತ್ರೀಕರಣಕ್ಕೆ ಕ್ಯಾಮ್‌ಕಾರ್ಡರ್, ಆಯ್ದ ಸುಂದರ ದೃಶ್ಯಗಳಿಗೆ ಸ್ಥಿರಚಿತ್ರ ಕ್ಯಾಮೆರಾ ಎಂದು ಹಂಚಿಕೊಂಡಿರುವ ಸ್ಟುಡಿಯೊಗಳ ಕ್ರಮವೇ ವಿವೇಕದ್ದು. ಅಂಗಡಿಯ ಜಾಹೀರಾತಿಗೆ ಅಥವಾ ಕಿನ್ನಾಳದ ಬೊಂಬೆ ತಯಾರಾಗುವ ರೀತಿಯನ್ನು ಗಿರಾಕಿಗೆ ತೋರಿಸಲು ಒಂದು ನಿಮಿಷದ ಚಿತ್ರ ಬೇಕಾದವರು ಎರಡನ್ನೂ ಕೊಳ್ಳಬೇಕಾಗಿಲ್ಲ. ಕಿಸೆಯಲ್ಲಿರುವ ಒಳ್ಳೆಯ ಮೊಬೈಲ್ ಸಾಕು.

ಕಾರ್ಡು ಮತ್ತು ಬ್ಯಾಟರಿ

ಸೆಕೆಂಡಿಗೆ 24 ಮೆಗಾಬಿಟ್ ದರದಲ್ಲಿ ಗಂಟೆಗೆ 10.8 ಗಿಗಾಬೈಟ್ ಖರ್ಚಾಗುತ್ತದೆ, 64 ಗಿಗಾಬೈಟ್ ಕಾರ್ಡು ಆರು ಗಂಟೆಗೆ ಸಮೀಪ ಬರುತ್ತದೆ. 100 ಮೆಗಾಬಿಟ್‌ನ 4ಕೆ ಚಿತ್ರಕ್ಕೆ ಗಂಟೆಗೆ 45 ಗಿಗಾಬೈಟ್, ಅದೇ ಕಾರ್ಡು ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಅಲ್ಲದೆ ಅದಕ್ಕೆ ಸೆಕೆಂಡಿಗೆ 12.5 ಮೆಗಾಬೈಟ್ ಬರೆಯುವ ವೇಗ ಬೇಕು. ಕ್ಲಾಸ್ 10 ಕಾರ್ಡು ಖಾತರಿ ಕೊಡುವುದು 10 ಮೆಗಾಬೈಟ್ ಮಾತ್ರ. ವಿ30 ಎಂದು ಬರೆದ ಕಾರ್ಡು 30ಕ್ಕೆ ಖಾತರಿ ಕೊಡುತ್ತದೆ. 4ಕೆ ಬೇಕೆಂದು ಕೇಳುವ ಗಿರಾಕಿಗೆ ದರ ಹೇಳುವ ಮೊದಲು ಕಾರ್ಡು, ಹಾರ್ಡ್ ಡಿಸ್ಕ್, ಸಂಕಲನದ ಸಮಯ ಇವುಗಳ ಹೆಚ್ಚಳವನ್ನೂ ದರದಲ್ಲಿ ಸೇರಿಸಬೇಕಾಗುತ್ತದೆ.

ಎರಡು ಕಾರ್ಡುಗಳಿಗೆ ಏಕಕಾಲದಲ್ಲಿ ಬರೆಯುವ ಸೌಲಭ್ಯವು ಐಷಾರಾಮವಲ್ಲ, ವಿಮೆ. ಒಂದು ಕಾರ್ಡು ಕೈಕೊಟ್ಟರೂ ಇನ್ನೊಂದರಲ್ಲಿ ಲಗ್ನ ಉಳಿದಿರುತ್ತದೆ. ಬ್ಯಾಟರಿಯ ವಿಷಯದಲ್ಲಿ ಮಿಲಿ ಆಂಪಿಯರ್ ಒಂದನ್ನೇ ನೋಡದೆ ವೋಲ್ಟಿನಿಂದ ಗುಣಿಸತಕ್ಕದ್ದು. 7.2 ವೋಲ್ಟ್, 6000 ಮಿಲಿ ಆಂಪಿಯರ್-ಗಂಟೆ ಎಂದರೆ ಸುಮಾರು 43 ವ್ಯಾಟ್-ಗಂಟೆ. 6 ವ್ಯಾಟ್ ಉಣ್ಣುವ ಯಂತ್ರ ಏಳು ಗಂಟೆ ಓಡೀತು. ಬ್ಯಾಟರಿ ಹಳೆಯದಾದಂತೆ ಇದು ಕುಗ್ಗುತ್ತದೆ. ಅಗ್ಗದ ನಕಲಿ ಬ್ಯಾಟರಿಗಳ ಮೇಲೆ ಅಚ್ಚಾದ ಅಂಕಿಯನ್ನು ನಂಬಿ ಕೆಟ್ಟವರಿದ್ದಾರೆ.

ಪುಸ್ತಕದ ಲೆಕ್ಕ, ಮಾರುಕಟ್ಟೆಯ ಲೆಕ್ಕ

ಉದಾಹರಣೆಗಾಗಿ ಎರಡು ಯಂತ್ರಗಳನ್ನು ತೆಗೆದುಕೊಳ್ಳಬಹುದು. ಒಂದರ ಬೆಲೆ 90,000 ರೂ., ಶೇ 18 ಜಿ.ಎಸ್.ಟಿ. ಸೇರಿ 1,06,200 ರೂ. ಮತ್ತೊಂದು 1,80,000 ರೂ., ತೆರಿಗೆ ಸೇರಿ 2,12,400 ರೂ. ಎರಡೂ ನಾಲ್ಕು ವರ್ಷ, ವರ್ಷಕ್ಕೆ 45 ಕಾರ್ಯಕ್ರಮದಂತೆ 180 ಕಾರ್ಯಕ್ರಮಗಳಿಗೆ ದುಡಿದು, ಕೊನೆಗೆ ಮೊದಲನೆಯದು 15,000ಕ್ಕೆ, ಎರಡನೆಯದು 40,000ಕ್ಕೆ ಮಾರಾಟವಾದವೆಂದು ಇಟ್ಟುಕೊಂಡರೆ, ಕಾರ್ಯಕ್ರಮವೊಂದಕ್ಕೆ ತಗಲುವ ವೆಚ್ಚ ಕ್ರಮವಾಗಿ ಸುಮಾರು 507 ರೂ. ಮತ್ತು 958 ರೂ. ಅಂಗಡಿಯಲ್ಲಿ ಲಕ್ಷ ರೂಪಾಯಿಯ ಅಂತರವಾಗಿ ಹೆದರಿಸಿದ್ದು, ಲಗ್ನವೊಂದಕ್ಕೆ 451 ರೂಪಾಯಿಯಾಗಿ ಇಳಿಯುತ್ತದೆ. ದೊಡ್ಡ ಸೆನ್ಸರು, ಎರಡು ಕಾರ್ಡು, ಎಕ್ಸ್.ಎಲ್.ಆರ್. ಪ್ರವೇಶ ಇವುಗಳಿಗೆ ಈ 451 ರೂ. ಹೆಚ್ಚೇ ಎಂದು ಕೇಳಿಕೊಳ್ಳಬೇಕು. ವರ್ಷಕ್ಕೆ 45ರ ಬದಲು ಎಂಟೇ ಕಾರ್ಯಕ್ರಮ ಸಿಗುವವನಿಗೆ ಇದೇ ಅಂತರ 2,500 ರೂಪಾಯಿ ದಾಟುತ್ತದೆ. ಅಂಥವನು ಹಂಗಾಮಿನಲ್ಲಿ ಬಾಡಿಗೆಗೆ ತರುವುದೇ ಲೇಸು.

ಜಿ.ಎಸ್.ಟಿ. ಜಾರಿಯಾದ 2017ರ ಜುಲೈನಲ್ಲಿ ಕ್ಯಾಮೆರಾಗಳ ಮೇಲೆ ಶೇ 28 ತೆರಿಗೆಯಿತ್ತು. 2018ರ ಡಿಸೆಂಬರ್ 22ರ ಮಂಡಳಿ ಸಭೆಯಲ್ಲಿ ಡಿಜಿಟಲ್ ಕ್ಯಾಮೆರಾ ಮತ್ತು ವಿಡಿಯೊ ಕ್ಯಾಮೆರಾ ರೆಕಾರ್ಡರುಗಳನ್ನು ಶೇ 18ಕ್ಕೆ ಇಳಿಸಲಾಯಿತು. ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿಸಿಕೊಂಡ ಸ್ಟುಡಿಯೊ, ಮೇಲಿನ ಉದಾಹರಣೆಯ 32,400 ರೂ. ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಜಮಾ ಪಡೆಯಬಹುದು. ಹಾಗೆ ಪಡೆದ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ರೂ. ಮೀರದೆ ನೋಂದಣಿಯಿಂದ ಹೊರಗುಳಿದವರಿಗೂ, ಶೇ 6ರ ಕಾಂಪೊಸಿಷನ್ ಪದ್ಧತಿ ಆಯ್ದುಕೊಂಡವರಿಗೂ ಈ ಜಮಾ ದೊರೆಯದು.

ಆದಾಯ ತೆರಿಗೆಯಲ್ಲಿ ಕ್ಯಾಮೆರಾಗೆ ಯಂತ್ರೋಪಕರಣದ ಸಾಮಾನ್ಯ ದರವಾದ ಶೇ 15 ಸವಕಳಿ, ಸಂಕಲನದ ಗಣಕಯಂತ್ರಕ್ಕೆ ಶೇ 40. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅರ್ಧ ಮಾತ್ರ. 1,80,000 ರೂ. ಯಂತ್ರವು ನಾಲ್ಕು ವರ್ಷಗಳ ನಂತರ ಪುಸ್ತಕದಲ್ಲಿ ಸುಮಾರು 94,000 ರೂ. ತೋರಿಸುತ್ತದೆ. ಮಾರುಕಟ್ಟೆ ಅದರ ಅರ್ಧವನ್ನೂ ಕೊಡಲಿಕ್ಕಿಲ್ಲ. ಪುಸ್ತಕದ ಲಾಭವನ್ನು ನಂಬಿ ಇಡೀ ಹಣವನ್ನು ಮನೆಗೆ ತೆಗೆದರೆ ಮುಂದಿನ ಕ್ಯಾಮೆರಾಗೆ ಮತ್ತೆ ಸಾಲವೇ ಗತಿ. ಪ್ರತಿ ಕಾರ್ಯಕ್ರಮದ ಹಣದಲ್ಲಿ ಸಾವಿರ ರೂಪಾಯಿಯನ್ನು ಬೇರೆ ಖಾತೆಗೆ ಹಾಕುವವನಿಗೆ ಆ ಸ್ಥಿತಿ ಬಾರದು. ಅಂದಾಜು ಆದಾಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರು ಸವಕಳಿಯನ್ನು ಪ್ರತ್ಯೇಕವಾಗಿ ಕಳೆಯುವಂತಿಲ್ಲವೆಂಬುದನ್ನೂ ಗಮನಿಸಬೇಕು. ಮುಖ್ಯವಾಗಿ, ಒಂದೇ ದಿನ ಒಬ್ಬರಿಗೆ 10,000 ರೂ. ಮೀರಿ ನಗದಾಗಿ ಕೊಟ್ಟು ಕೊಂಡ ಯಂತ್ರದ ಆ ಮೊತ್ತವು ಸವಕಳಿಯ ಲೆಕ್ಕಕ್ಕೆ ಸೇರುವುದಿಲ್ಲ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ ಮೂಲಕವೇ ಪಾವತಿಸತಕ್ಕದ್ದು.

ಬಂಡವಾಳವಿಲ್ಲದವರಿಗೆ 2015ರ ಏಪ್ರಿಲ್‌ನಲ್ಲಿ ಆರಂಭವಾದ ಮುದ್ರಾ ಯೋಜನೆಯಿದೆ. 50,000 ರೂ.ವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ಬಿಲ್ಲಿಲ್ಲದ ಗ್ರೇ ಮಾರುಕಟ್ಟೆಯ ಕ್ಯಾಮೆರಾಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಜಮಾ ಇಲ್ಲ, ಸವಕಳಿಗೆ ಆಧಾರವಿಲ್ಲ, ತಯಾರಕರ ಗ್ಯಾರಂಟಿಯಿಲ್ಲ, ಕಳುವಾದರೆ ವಿಮೆಗೆ ದಾಖಲೆಯಿಲ್ಲ. ಹತ್ತು ಸಾವಿರ ರೂಪಾಯಿ ಉಳಿಸಲು ಹೋಗಿ ಇಷ್ಟನ್ನೂ ಬಿಟ್ಟುಕೊಡುವುದು ದುಬಾರಿ ವ್ಯವಹಾರ.

ಇನ್ನೊಂದು ವಿಷಯ ಹಲವರಿಗೆ ತಿಳಿದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನಂತೆ, ಹಣ ಪಡೆದು ಒಬ್ಬರ ಕೋರಿಕೆಯ ಮೇರೆಗೆ ತೆಗೆದ ಚಿತ್ರದ ಮೊದಲ ಹಕ್ಕುದಾರನು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಹಣ ಕೊಟ್ಟವನೇ. ಲಗ್ನದ ದೃಶ್ಯಗಳನ್ನು ಸ್ಟುಡಿಯೊ ತನ್ನ ಪ್ರಚಾರಕ್ಕೆ ಬಳಸಬೇಕಾದರೆ ಮುಂಗಡದ ರಸೀದಿಯಲ್ಲಿಯೇ ಅದನ್ನು ಬರೆದು ಸಹಿ ಪಡೆಯುವುದು ಕ್ಷೇಮ. ಮೂಲ ಕಡತಗಳನ್ನು ಎಷ್ಟು ತಿಂಗಳು ಕಾಯ್ದಿಡಲಾಗುವುದು ಎಂಬುದನ್ನೂ ಅಲ್ಲಿಯೇ ಬರೆಯಬಹುದು.

ಅಂಗಡಿಯಲ್ಲಿ

ಕೊಳ್ಳಲು ಹೋಗುವವರು ಸ್ವಂತ ಕಾರ್ಡು ಮತ್ತು ಹೆಡ್‌ಫೋನು ಒಯ್ಯಬೇಕು. ಪ್ರದರ್ಶನಕ್ಕಿಟ್ಟ ಯಂತ್ರವನ್ನು ಅಂಗಡಿಯ ಪ್ರಖರ ದೀಪದತ್ತ ತಿರುಗಿಸದೆ ಮೇಜಿನ ಕೆಳಗಿನ ಕತ್ತಲೆಯತ್ತ ತಿರುಗಿಸಿ, ಪೂರ್ಣ ಜೂಮ್ ಮಾಡಿ ಚಿತ್ರೀಕರಿಸಬೇಕು. ನಲವತ್ತು ನಿಮಿಷ ನಿಲ್ಲಿಸದೆ ಓಡಲು ಬಿಟ್ಟು, ಅಷ್ಟರಲ್ಲಿ ಚಹಾ ಕುಡಿದು, ಸೇವಾ ಕೇಂದ್ರ ಎಲ್ಲಿದೆ, ದುರಸ್ತಿಗೆ ಕೊಟ್ಟರೆ ಎಷ್ಟು ದಿನ, ಆ ದಿನಗಳಿಗೆ ಬದಲಿ ಯಂತ್ರ ಸಿಗುವುದೇ ಎಂದು ವಿಚಾರಿಸಬಹುದು. ಕಾರ್ಡನ್ನು ಮನೆಗೆ ತಂದು ದೊಡ್ಡ ಟಿ.ವಿ.ಯಲ್ಲಿ ನೋಡಿದ ನಂತರವೇ ಮುಂಗಡ. ಸೆಕೆಂಡ್ ಹ್ಯಾಂಡ್ ಆದರೆ ಎಷ್ಟು ಗಂಟೆ ದುಡಿದಿದೆ ಎಂಬ ಅಂಕಿ ಹಲವು ವೃತ್ತಿಪರ ಯಂತ್ರಗಳ ಆಯ್ಕೆಪಟ್ಟಿಯಲ್ಲಿಯೇ ಸಿಗುತ್ತದೆ, ಲೆನ್ಸಿನೊಳಗೆ ಟಾರ್ಚು ಬಿಟ್ಟು ನೋಡಿದರೆ ಬೂಷ್ಟು ಕಾಣುತ್ತದೆ. ಕೊನೆಗೆ ಬಿಲ್ಲಿನಲ್ಲಿ ಸ್ಟುಡಿಯೊದ ಹೆಸರು, ಜಿ.ಎಸ್.ಟಿ. ಸಂಖ್ಯೆ, ಯಂತ್ರದ ಸೀರಿಯಲ್ ಸಂಖ್ಯೆ ಮೂರೂ ಇವೆಯೇ ಎಂದು ಅಂಗಡಿಯಲ್ಲಿಯೇ ಓದಿ ನೋಡಿ ಹೊರಡತಕ್ಕದ್ದು.